ಟೀಪಾಯಿ ಕೊಳ್ಳುವ ಮೊದಲು ಬುಡಮೇಲು ಮಾಡಿ ನೋಡಿ

ಹೊಸ ಮನೆಯ ಸೋಫಾ ಪಕ್ಕಕ್ಕೆ ಹಳೇ ಕಾಲದ ಸೈಡ್ ಟೇಬಲ್ ಒಂದನ್ನು ನೋಡಿದ್ದೀರಿ. ಮಾರುವವರು ‘ನಿಜಾಮ್ ಕಾಲದ್ದು, ನೂರೈವತ್ತು ವರ್ಷದ ಆಂಟಿಕ್’ ಅನ್ನುತ್ತಿದ್ದಾರೆ. ನಂಬಬಹುದಾ, ಏನು ನೋಡಿ ಆರಿಸಬೇಕು ಅಂತ ಕೇಳಿದ್ದೀರಿ. ನಾನು ಕಲಬುರಗಿಯವನು, ಹಳೇ ಕಟ್ಟಿಗೆ ಸಾಮಾನಿನ ಮೇಲೆ ಬಹಳ ಪ್ರೀತಿ. ನಮ್ಮ ಮನೆಯಲ್ಲಿ ಈಗ ನಾಲ್ಕು ಹಳೇ ಟೀಪಾಯಿ ಇವೆ. ಐದನೆಯದೂ ಇರಬೇಕಿತ್ತು. ಅದರ ಕತೆಯನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ನೀವು ಅದೊಂದು ತಪ್ಪು ಮಾಡದಿದ್ದರೆ ಸಾಕು.

ನಮ್ಮ ಮುತ್ಯಾನದು, ಅಂದರೆ ಅಜ್ಜನದು, ಮೂರು ಕಾಲಿನ ಸಾಗವಾನಿ ಟೀಪಾಯಿ. ಅದರ ಮೇಲೆ ಎಲೆ ಡಬ್ಬಿ, ಅಡಕೊತ್ತು, ಕನ್ನಡಕ ಇಡುತ್ತಿದ್ದ. ಮನೆ ರಿಪೇರಿ ಮಾಡಿಸುವಾಗ, ಕಪ್ಪಗಾಗಿದೆ, ಹೊಸದರಂತೆ ಆಗಲಿ ಅಂತ ನಾನೇ ಅದನ್ನು ಮಷೀನಿನಿಂದ ತಿಕ್ಕಿಸಿ, ಹೊಳೆಯುವ ಪಾಲಿಷ್ ಹೊಡೆಸಿದೆ. ಮನೆಗೆ ತಂದಾಗ ಆಯಿ ಅದರ ಮೇಲೆ ಒಮ್ಮೆ ಕೈ ಆಡಿಸಿ, “ಇದು ಯಾರದ್ ಅದನಪಾ?” ಅಂದಳು. ಐವತ್ತು ಅರವತ್ತು ವರ್ಷ ಕೈ ತಾಗಿ, ಎಣ್ಣೆ ತಾಗಿ, ಬೆಳಕು ಬಿದ್ದು ಬಂದಿದ್ದ ಬಣ್ಣ ಅರ್ಧ ತಾಸಿನಲ್ಲಿ ಪುಡಿಯಾಗಿ ಹೋಗಿತ್ತು. ಆ ಬಣ್ಣವನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಇವತ್ತಿಗೂ ನೆನಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ‘ನಿಜಾಮ್ ಕಾಲದ್ದು’ ಎಂಬ ಮಾತು ನಮ್ಮ ಕಡೆ ಎಲ್ಲ ಹಳೇ ಸಾಮಾನಿಗೂ ಅಂಟಿಕೊಂಡು ಬರುತ್ತದೆ. ಅದು ಸುಳ್ಳೇ ಆಗಬೇಕಿಲ್ಲ. ಕಲಬುರಗಿ, ಬೀದರ, ಯಾದಗಿರಿ ಮೂರೂ 1948ರ ಸೆಪ್ಟೆಂಬರ್ ತನಕ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು, ಹಾಗಾಗಿ 1945ರಲ್ಲಿ ಮಾಡಿದ ಟೇಬಲ್ಲೂ ನಿಜಾಮ್ ಕಾಲದ್ದೇ. ಆದರೆ ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆ ಆಂಟಿಕ್ ಅನ್ನಿಸಿಕೊಳ್ಳಲು ಇಂಥ ಕೈಕೆಲಸದ ವಸ್ತುವಿಗೆ ಕನಿಷ್ಠ 100 ವರ್ಷ ಆಗಿರಬೇಕು ಅನ್ನುತ್ತದೆ. ಅದಕ್ಕಿಂತ ಈಚಿನದು ವಿಂಟೇಜ್. ವಿಂಟೇಜ್ ಅಂದರೆ ಕಡಿಮೆ ಅಂತಲ್ಲ, ದಿನಾ ಬಳಸುವ ಮನೆಗೆ ನಾನು ಅದನ್ನೇ ಹೇಳುತ್ತೇನೆ. ಆಂಟಿಕ್ ದರ ಕೊಟ್ಟು ವಿಂಟೇಜ್ ತರಬೇಡಿ, ಅಷ್ಟೇ.

ವಯಸ್ಸು ತಿಳಿಯಲು ಟೇಬಲನ್ನು ಬುಡಮೇಲು ಮಾಡಿ. ಮಾರುವವರು ಮೇಲ್ಭಾಗ ಒರೆಸಿ ತೋರಿಸುತ್ತಾರೆ, ಬುಡವನ್ನು ಯಾರೂ ಸಿಂಗಾರ ಮಾಡುವುದಿಲ್ಲ. ಹಲಗೆಯ ಕೆಳಗೆ ಬಣ್ಣ ಏಕರೂಪವಾಗಿದ್ದರೆ ಅನುಮಾನ ಬರಬೇಕು. ಗಾಳಿ ಆಡಿದ ಕಡೆ ಗಾಢವಾಗಿ, ಕಟ್ಟಿಗೆಗೆ ಕಟ್ಟಿಗೆ ಕೂಡಿದ ಕಡೆ ತಿಳಿಯಾಗಿ ಇರುವುದು ಸಹಜ. ಎಲ್ಲ ಕಡೆ ಒಂದೇ ಕಂದು ಇದ್ದರೆ ಅದು ಬಳಿದ ಬಣ್ಣ. ಕೈಯಿಂದ ರಂದಾ ಹೊಡೆದ ಹಲಗೆಯ ಮೇಲೆ ಬೆರಳಾಡಿಸಿದರೆ ಸಣ್ಣ ಏರಿಳಿತ ತಿಳಿಯುತ್ತದೆ. ಕಮಾನಿನಂತೆ ಬಾಗಿದ ಗೆರೆಗಳು ಸಾಲಾಗಿ ಕಂಡರೆ ಅದು ತಿರುಗುವ ಗರಗಸದ ಗುರುತು, ಅಂದರೆ ಸಾಮಿಲ್ಲಿನಲ್ಲಿ ಕೊಯ್ದ ಹಲಗೆ.

ಸ್ಕ್ರೂಗಳ ತಲೆಯನ್ನೂ ನೋಡಿ. ಪ್ಲಸ್ ಗುರುತಿನ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ನೂರೈವತ್ತು ವರ್ಷದ ಟೇಬಲ್ಲಿನಲ್ಲಿ ಅವು ಇದ್ದರೆ ಒಂದೋ ಆಮೇಲೆ ರಿಪೇರಿ ಆಗಿದೆ, ಇಲ್ಲವೋ ವಯಸ್ಸು ಸುಳ್ಳು. ಒಂದೇ ಸ್ಕ್ರೂ ಹಾಗಿದ್ದರೆ ಚಿಂತೆಯಿಲ್ಲ, ಎಲ್ಲವೂ ಹಾಗಿದ್ದರೆ ಕೇಳಿ. ಖಾನೆ ಇದ್ದರೆ ಪೂರ್ತಿ ಹೊರಗೆಳೆದು ಮೂಲೆ ನೋಡಿ. ಬೆರಳಿಗೆ ಬೆರಳು ಹೆಣೆದಂಥ ಡವ್‌ಟೇಲ್ ಜೋಡಣೆಯನ್ನು ಕೈಯಿಂದ ಕೊರೆದಿದ್ದರೆ ಒಂದು ಹಲ್ಲು ಅಗಲ, ಒಂದು ಸಣ್ಣ ಇರುತ್ತದೆ. ಎಲ್ಲ ಅಳತೆಗೋಲಿನಲ್ಲಿ ಇಟ್ಟಂತಿದ್ದರೆ ಅದು ಮಷೀನಿನ ಕೆಲಸ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಬೇರೆ ಇದೆ. ದುಂಡು ಮೇಲ್ಭಾಗದ ಟೇಬಲ್ ಆದರೆ ಟೇಪು ಹಿಡಿದು ಎರಡು ಕಡೆ ಅಳೆಯಿರಿ, ಒಮ್ಮೆ ಕಟ್ಟಿಗೆಯ ಎಳೆಯ ಉದ್ದಕ್ಕೆ, ಒಮ್ಮೆ ಎಳೆಗೆ ಅಡ್ಡ. ಕಟ್ಟಿಗೆ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅಖಂಡ ಹಲಗೆಯ ಹಳೇ ದುಂಡು ಟೇಬಲ್ ನಿಜವಾಗಿ ಪೂರ್ತಿ ದುಂಡಗಿರುವುದಿಲ್ಲ, ಕೆಲವು ಮಿಲಿಮೀಟರಾದರೂ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಇದೇ ಕಾರಣಕ್ಕೆ ನಮ್ಮ ಹವೆಯ ವಿಚಾರವೂ ಮುಖ್ಯ. ಮುಂಬೈನ ಚೋರ್ ಬಜಾರಿನಿಂದಲೋ ಕೊಚ್ಚಿಯ ಮಟ್ಟಾಂಚೇರಿಯಿಂದಲೋ ತಂದ ಟೇಬಲ್ ಸಮುದ್ರದ ತೇವಕ್ಕೆ ಒಗ್ಗಿದ್ದು. ನಮ್ಮ ಏಪ್ರಿಲ್, ಮೇ ತಿಂಗಳ 42 ಡಿಗ್ರಿ ಒಣ ಬಿಸಿಲಿಗೆ ಬಂದರೆ ಹಲಗೆ ಸೀಳುತ್ತದೆ, ಕಾಲು ಸಡಿಲಾಗುತ್ತದೆ. ನಮ್ಮ ಸುತ್ತಿನ ಊರುಗಳ ಹಳೇ ಮನೆಗಳಿಂದ ಬಂದ ಸಾಮಾನು ಇಷ್ಟು ಬೇಸಿಗೆ ಕಂಡೇ ಬದುಕಿದ್ದು, ಆಗಬೇಕಾದ ಬಿರುಕು ಆಗಿ ಮುಗಿದಿರುತ್ತದೆ. ದೂರದಿಂದ ತರುವುದೇ ಆದರೆ ಮಳೆಗಾಲದಲ್ಲಿ ತನ್ನಿ, ನಿಧಾನಕ್ಕೆ ಒಗ್ಗಲಿ. ಎಲ್ಲಿಂದ ತಂದರೂ ಕೂಲರಿನ ಎದುರಿಗೆ ಇಡಬೇಡಿ, ತೇವದ ಗಾಳಿಗೆ ಕಟ್ಟಿಗೆ ಉಬ್ಬುತ್ತದೆ, ಕೂಲರ್ ನಿಲ್ಲಿಸಿದ ಮೇಲೆ ಮತ್ತೆ ಕುಗ್ಗುತ್ತದೆ.

ನುಸಿ ಇದೆಯೇ ಅಂತ ತಿಳಿಯಲು ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಟೇಬಲ್ ಇಟ್ಟು ಅಂಗೈಯಿಂದ ತಟ್ಟಿ. ತಿಳಿ ಬಣ್ಣದ ಹಿಟ್ಟಿನಂಥ ಪುಡಿ ಬಿದ್ದರೆ ಹುಳ ಇನ್ನೂ ಜೀವಂತ ಇರಬಹುದು, ಮನೆಗೆ ತರಬೇಡಿ. ಕಪ್ಪಾದ ಹಳೇ ತೂತಿಗೆ ಹೆದರಬೇಕಿಲ್ಲ. ಸಾಗವಾನಿಯ ಚೇಗನ್ನು, ಅಂದರೆ ಒಳಗಿನ ಗಟ್ಟಿ ಭಾಗವನ್ನು, ಹುಳ ಸುಲಭಕ್ಕೆ ಮುಟ್ಟುವುದಿಲ್ಲ, ಅಂಚಿನ ಬಿಳಿ ಭಾಗವನ್ನು ಬಿಡುವುದಿಲ್ಲ, ಅಲ್ಲಿ ಗಮನವಿಟ್ಟು ನೋಡಿ.

ಇನ್ನು ಕಾಲುಗಳ ಮಾತು. ಟೀಪಾಯಿಗೂ ಕುಡಿಯುವ ಟೀಗೂ ಸಂಬಂಧವಿಲ್ಲ. ಹಿಂದಿಯ ‘ತೀನ್’, ಫಾರ್ಸಿಯ ‘ಪಾಯ್’ ಕೂಡಿ ತಿಪಾಯಿ, ಅಂದರೆ ಮೂರು ಕಾಲಿನದು. ನಿಮ್ಮ ಮನೆಯಲ್ಲಿ ಹಳೇ ಶಹಾಬಾದ್ ಪರಸಿ ಇದ್ದರೆ ಮೂರು ಕಾಲಿನದನ್ನೇ ಹುಡುಕಿ ಅಂತ ನಾನು ಒತ್ತಾಯ ಮಾಡುತ್ತೇನೆ. ಕೈಯಿಂದ ಹಾಸಿದ ಆ ಬಂಡೆಗಳು ಒಂದಕ್ಕೊಂದು ಕೂದಲೆಳೆಯಷ್ಟು ಮೇಲೆ ಕೆಳಗೆ ಇರುತ್ತವೆ. ನಾಲ್ಕು ಕಾಲಿನದು ಅಲ್ಲಿ ಟಕಟಕ ಅಲುಗುತ್ತದೆ, ಅಡಿಗೆ ಕಾಗದ ಮಡಚಿ ಇಡಬೇಕು. ಮೂರು ಕಾಲು ಎಂಥ ನೆಲದ ಮೇಲೂ ಊರಿ ನಿಲ್ಲುತ್ತವೆ. ಅಂಚಿನ ಮೇಲೆ ಭಾರ ಬಿದ್ದರೆ ಮಾತ್ರ ಮಗುಚುತ್ತದೆ. ಸಣ್ಣ ಮಕ್ಕಳಿರುವ ಮನೆಯಾದರೆ ನಾಲ್ಕು ಕಾಲಿನದೇ ಸರಿ.

ಎತ್ತರ ಸೋಫಾದ ಕೈಗೆ ಸಮ ಇರಲಿ, ಒಂದೆರಡು ಇಂಚು ಕೆಳಗಿದ್ದರೂ ಆಯಿತು. ಮಂಚದ ಪಕ್ಕಕ್ಕಾದರೆ ಗಾದಿಯ ಮಟ್ಟ, ಕತ್ತಲಲ್ಲಿ ನೀರಿನ ಲೋಟ ಕೈಗೆ ಸಿಗಬೇಕು.

ತಂದ ಮೇಲೆ ಏನು ಮಾಡಬೇಕು? ತಿಕ್ಕಿಸಬೇಡಿ. ಹಳೇ ಹೊಳಪು ಬಹುಮಟ್ಟಿಗೆ ಚಪಡಾದ್ದು, ಅಂದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಿಂದ ಪದರ ಪದರವಾಗಿ ಹಚ್ಚಿದ್ದು. ಕಾಣದ ಮೂಲೆಯಲ್ಲಿ ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ ಒತ್ತಿ, ಅಂಟಂಟಾದರೆ ಚಪಡಾ. ಅದರ ದೊಡ್ಡ ಗುಣ ಅಂದರೆ ಹೊಸ ಪದರ ಹಳೆಯದರಲ್ಲಿ ಕರಗಿ ಒಂದಾಗುತ್ತದೆ, ಹಾಗಾಗಿ ಕೆರೆಯದೆಯೇ ರಿಪೇರಿ ಆಗುತ್ತದೆ. ಚಪಡಾ ಪಾಲಿಷ್ ಗೊತ್ತಿರುವ ವಯಸ್ಸಾದ ಬಡಿಗೇರರು ನಮ್ಮ ಕಡೆ ಇನ್ನೂ ಇದ್ದಾರೆ. ಅವರನ್ನು ಹುಡುಕಿ, ಅವರು ಕೇಳಿದ ಕೂಲಿ ಕೊಡಿ. ಬಿಸಿ ಚಹಾದ ಕಪ್ ಇಟ್ಟರೆ ಮಾತ್ರ ಚಪಡಾದ ಮೇಲೆ ಬಿಳಿ ಬಳೆ ಮೂಡುತ್ತದೆ. ನಮ್ಮ ಆಯಿ ಟೀಪಾಯಿ ಮೇಲೆ ಯಾವತ್ತೂ ಕ್ರೋಶಾ ಹೆಣೆದ ಬಟ್ಟೆ ಹಾಸಿರುತ್ತಿದ್ದಳು. ಅದು ಬರೀ ಚೆಂದಕ್ಕೆ ಅಂತ ನಾನು ತಿಳಿದಿದ್ದೆ.

ಬೀದರಿನ ಕಡೆ ಬಿದ್ರಿ ತಟ್ಟೆ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ್ದು) ಕೂಡಿಸಿದ ಸಣ್ಣ ಟೇಬಲ್ ಸಿಕ್ಕರೆ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಬಿದ್ರಿ ಸತು ಮತ್ತು ತಾಮ್ರದ ಮಿಶ್ರಣ, ಅಯಸ್ಕಾಂತ ಹಿಡಿಯುವುದಿಲ್ಲ. ಹಿಡಿದರೆ ಅದು ಕಪ್ಪು ಬಳಿದ ಕಬ್ಬಿಣ. ಹಿತ್ತಾಳೆ ಹಿಡಿಕೆಗೂ ಇದೇ ಪರೀಕ್ಷೆ. ಹಾಗೇ ಬೀದರ ಕೋಟೆಯ ರಂಗೀನ್ ಮಹಲಿನ ಒಳಗೆ ನೋಡಲು ಬಿಟ್ಟರೆ ಅಲ್ಲಿನ ಕಟ್ಟಿಗೆ ಕಂಬಗಳ ಕೆತ್ತನೆ ನೋಡಿ ಬನ್ನಿ. ಕೈ ಕೆತ್ತಿದ ಹೂವಿನಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಒಮ್ಮೆ ಕಣ್ಣಿಗೆ ಅದು ಕೂತರೆ ಅಂಗಡಿಯಲ್ಲಿ ಮಷೀನಿನ ಕೆತ್ತನೆ ತಾನಾಗಿ ಗೊತ್ತಾಗುತ್ತದೆ.

ನೀವು ನೋಡಿಟ್ಟ ಟೇಬಲ್ಲಿನ ಫೋಟೊ ಹಾಕಿದರೆ ನನಗೆ ತಿಳಿದಷ್ಟು ಹೇಳುತ್ತೇನೆ. ಮೇಲ್ಭಾಗದ್ದು ಬೇಡ, ಬುಡದ್ದು, ಖಾನೆಯ ಮೂಲೆಯದ್ದು ಮತ್ತು ಸ್ಕ್ರೂ ತಲೆಯದ್ದು ಹಾಕಿ.