ತೋಟೆಗೆ ಅರ ಹಾಕಬೇಡಿ, ಪೆಟ್ಟಿಗೆ ಬದಲಿಸಿ

ಮುಳ್ಳೇರಿಯದಿಂದ ಎಚ್-1ಬಿ ವೀಸಾದಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೊರಟಿರುವ ನೀವು ಮೂರು ವಿಷಯ ಕೇಳಿದ್ದೀರಿ. ಈ ವೀಸಾದವರು ಇಲ್ಲಿ ಕೋವಿ ಹಿಡಿಯಬಹುದೇ? .22 ತೋಟೆಯ (ಕಾಲು ಇಂಚಿಗಿಂತ ಸಪೂರ ಗುಂಡಿನ ಚಿಕ್ಕ ರೈಫಲ್ ತೋಟೆ) ಮೂತಿಯನ್ನು ಅರದಲ್ಲಿ ತಿಕ್ಕಿ ಸಪಾಟು ಮಾಡಿದರೆ ಅಳಿಲು, ಮೊಲಕ್ಕೆ ಪೆಟ್ಟು ಜೋರಾಗುತ್ತದೆ ಎನ್ನುತ್ತಾರಲ್ಲ, ನಿಜವೇ? ರಜೆಗೆ ಬರುವಾಗ ಮಾವನಿಗೆ ನಾಲ್ಕು ತೋಟೆ ತರಬಹುದೇ? ಮೂರನೆಯದಕ್ಕೆ ಉತ್ತರ ಬೇಡ ಎಂದಷ್ಟೆ, ಕಾರಣ ಕೊನೆಗೆ ಹೇಳುತ್ತೇನೆ.

ಮೊದಲು ವೀಸಾದ ವಿಷಯ, ಯಾಕೆಂದರೆ ಇದರಲ್ಲಿ ಎಡವಿದರೆ ಬೇಟೆ ಮಾತ್ರವಲ್ಲ, ಕೆಲಸವೂ ಹೋದೀತು. ಗ್ರೀನ್ ಕಾರ್ಡ್ ಇಲ್ಲದೆ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳಬಾರದು ಎಂದು ಅಮೆರಿಕದ ಕೇಂದ್ರ ಕಾನೂನು ಹೇಳುತ್ತದೆ. ಅದಕ್ಕೆ ವಿನಾಯಿತಿಗಳು ಉಂಟು. ನಿಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಅದರಲ್ಲಿ ಒಂದು: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಪೆನ್ಸಿಲ್ವೇನಿಯಾದಲ್ಲಿ ಮೊದಲ ಸಲ ಲೈಸೆನ್ಸ್ ಕೊಳ್ಳುವವರು ಬೇಟೆಗಾರರ ತರಬೇತಿ ಮುಗಿಸಿರಬೇಕು. ಇಲ್ಲಿ ಲೈಸೆನ್ಸಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಜೂನ್ 30ರ ರಾತ್ರಿ ಲೈಸೆನ್ಸ್ ಮುಗಿದು, ಹೊಸದು ಕೊಳ್ಳದೆ, ಕೋವಿ ಮನೆಯ ಕಪಾಟಿನಲ್ಲಿದ್ದರೆ ಜುಲೈ 1ರ ಬೆಳಿಗ್ಗೆ ನೀವು ಕಾನೂನಿನ ಹೊರಗೆ. ಸಹೋದ್ಯೋಗಿಯ ರೈಫಲನ್ನು ಒಂದು ಗಂಟೆಗೆಂದು ಕೈಗೆ ತೆಗೆದುಕೊಂಡರೂ ಅದು ಇಟ್ಟುಕೊಂಡ ಲೆಕ್ಕಕ್ಕೇ ಬರುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ತರಬೇತಿ, ಲೈಸೆನ್ಸ್, ಇಮಿಗ್ರೇಶನ್ ವಕೀಲರ ಹತ್ತಿರ ಒಂದು ಮಾತು, ಆಮೇಲೆ ಅಂಗಡಿ.

ಈಗ ಅರದ ವಿಷಯ. ಈ ಯೋಚನೆ ಎಲ್ಲಿಂದ ಬರುತ್ತದೆಂದು ಗೊತ್ತು. ಅಡೂರು, ಬಂದಡ್ಕ ಕಡೆ ಹಂದಿ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಇಟ್ಟುಕೊಳ್ಳುವ ಹಳೆಯ ಕೇಪಿನ ಕೋವಿಯಲ್ಲಿ ಎಲ್ಲವೂ ಹೊಡೆಯುವವನ ಕೈಯಲ್ಲೇ. ಮದ್ದು ಅಳೆಯುವುದು ಅವನು, ನಾರು ಗಿಡಿಯುವುದು ಅವನು, ಚರೆಯೋ ಗುಂಡೋ ಎಂದು ನಿರ್ಧರಿಸುವುದೂ ಅವನೇ. ಈಡಿನಲ್ಲಿ ಕೈಚಳಕ ತೋರಿಸಲು ಅಲ್ಲಿ ಜಾಗ ಉಂಟು. .22ರಲ್ಲಿ ಆ ಜಾಗವೇ ಇಲ್ಲ. ಅದು ಕಾರ್ಖಾನೆಯಲ್ಲಿ ಮುಚ್ಚಿ ಬಂದದ್ದು, ಮತ್ತೆ ತುಂಬುವಂಥದ್ದೂ ಅಲ್ಲ.

.22 ಎಲ್‌ಆರ್ (ಲಾಂಗ್ ರೈಫಲ್, ನಾವು ಮಾತಾಡುತ್ತಿರುವ .22 ಇದೇ) 1887ರ ತೋಟೆ, ರಚನೆಯೂ ಆ ಕಾಲದ್ದೇ. ಗುಂಡಿನ ಮೈ ಹಿತ್ತಾಳೆ ಕೊಳವೆಯಷ್ಟೇ ದಪ್ಪ. ಬುಡ ಮಾತ್ರ ಸಪೂರವಾಗಿ ಕೊಳವೆಯೊಳಗೆ ಕೂತಿರುತ್ತದೆ, ಕೊಳವೆಯ ಬಾಯನ್ನು ಅದರ ಸುತ್ತ ಒತ್ತಿರುತ್ತಾರೆ. ಹಿಡಿತ ಇರುವುದು ಅಷ್ಟೆ. ಬೇರೆ ತೋಟೆಗಳ ಹಾಗೆ ನಡುವೆ ಕೇಪು ಇಲ್ಲ. ಹೊತ್ತಿಕೊಳ್ಳುವ ಮದ್ದನ್ನು ಬುಡದ ಅಂಚಿನ ಒಳಗೆ ಸುತ್ತಲೂ ಹರಡಿರುತ್ತಾರೆ. ಅಂಚು ಎಲ್ಲಿ ಜಜ್ಜಿದರೂ ಸಿಡಿಯಬೇಕು ಎಂಬುದೇ ಅದರ ಉದ್ದೇಶ. ಅಂಥದ್ದನ್ನು ವೈಸಿನಲ್ಲೋ ಇಕ್ಕಳದಲ್ಲೋ ಬಿಗಿದು ಅರ ತಿಕ್ಕುತ್ತೀರಿ ಎಂದರೆ ಎಂತ ಹೇಳುವುದು ಮಾರಾಯ್ರೆ! ನಳಿಗೆಯ ಹೊರಗೆ ಸಿಡಿದ ತೋಟೆಯಲ್ಲಿ ಗುಂಡಿಗೆ ವೇಗ ಬರುವುದಿಲ್ಲ, ನಿಜ. ಆದರೆ ಆಸರೆ ಇಲ್ಲದ ಹಿತ್ತಾಳೆ ಚೂರುಚೂರಾಗಿ ಹಾರುತ್ತದೆ, ಮುಖ ಅಲ್ಲೇ ಹತ್ತಿರ ಇರುತ್ತದೆ.

ಸಿಡಿಯದಿದ್ದರೂ ಕೆಲಸ ಕೆಡುತ್ತದೆ. ತಿಕ್ಕುವಾಗ ಗುಂಡು ತುಸು ತಿರುಗಿದರೂ ಬಾಯಿಯ ಹಿಡಿತ ಸಡಿಲ. ಸಡಿಲಾದ ತೋಟೆಯ ವೇಗ ಒಂದರಂತೆ ಇನ್ನೊಂದಿಲ್ಲ. ಹೊಡೆಯದೆ ಹೊರಗೆಳೆದರೆ ಗುಂಡು ನಳಿಗೆಯಲ್ಲೇ ಕಚ್ಚಿಕೊಂಡು, ಮದ್ದು ಯಂತ್ರದೊಳಗೆ ಚೆಲ್ಲುವುದೂ ಉಂಟು. ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಂ. ಒಂದರಿಂದ ಒಂದು ಗ್ರೇನ್, ಇನ್ನೊಂದರಿಂದ ಎರಡು ಗ್ರೇನ್ ಹೋದರೆ ಎರಡೂ ಬೇರೆ ಬೇರೆ ಕಡೆ ಬೀಳುತ್ತವೆ. ಅದಕ್ಕಿಂತ ಕೆಟ್ಟದ್ದು ಓರೆ ತಿಕ್ಕುವುದು. .22 ನಳಿಗೆಯ ಸುರುಳಿ 16 ಇಂಚಿಗೆ ಒಂದು ಸುತ್ತು. ಸೆಕೆಂಡಿಗೆ 1,200 ಅಡಿ ವೇಗದಲ್ಲಿ ಹೊರಟ ಗುಂಡು ನಿಮಿಷಕ್ಕೆ 54,000 ಸುತ್ತು ತಿರುಗುತ್ತಿರುತ್ತದೆ. ಮೊಳೆ ಓರೆ ಹೊಡೆದ ಬುಗುರಿ ಹೇಗೆ ಆಡುತ್ತದೋ ಓರೆ ಮೂತಿಯ ಗುಂಡೂ ಹಾಗೆ. ಮೂತಿಗೆ ತೂತು ಕೊರೆಯುವುದಾಗಲಿ, ಕತ್ತಿಯಲ್ಲಿ ಅಡ್ಡ ಗೀರುವುದಾಗಲಿ ಇದೇ ದೋಷಕ್ಕೆ ಬೇರೆ ದಾರಿ. ಮೂತಿ ಮೊಂಡಾಗಿ ಗಿಡ್ಡವಾದ ತೋಟೆ ಸೆಮಿ ಆಟೋಮ್ಯಾಟಿಕ್ ರೈಫಲಿನಲ್ಲಿ ಚೇಂಬರಿನ (ನಳಿಗೆಯ ಹಿಂಭಾಗದಲ್ಲಿ ತೋಟೆ ಕೂರುವ ಗೂಡಿನ) ಬಾಯಿಗೆ ತಾಗಿ ಸಿಕ್ಕಿಬೀಳುತ್ತದೆ. ಗುಂಡಿನ ಮೈಗೆ ಸವರಿದ ಮೇಣಕ್ಕೆ ಸೀಸದ ಹುಡಿ ಅಂಟಿಕೊಂಡು ಚೇಂಬರಿನೊಳಗೆ ಸೇರುತ್ತದೆ.

ಹಾಗಾದರೆ ಸಪಾಟು ಮೂತಿಯ ಮಾತು ಸುಳ್ಳೇ ಎಂದರೆ ಅಲ್ಲ. ಉರುಟು ಮೂತಿಯ ಗುಂಡು ಮಾಂಸವನ್ನು ಬದಿಗೆ ಸರಿಸಿಕೊಂಡು ನುಣುಚಿ ಹೋಗುತ್ತದೆ. ಪೆಟ್ಟು ತಿಂದ ಅಳಿಲು ಪೊಟರೆಗೆ ನುಗ್ಗಿ ಒಳಗೇ ಸಾಯುತ್ತದೆ, ಕೈಗೆ ಸಿಗುವುದಿಲ್ಲ. ಸಪಾಟು ಮೂತಿ ದಾರಿ ಕತ್ತರಿಸಿಕೊಂಡು ಹೋಗುತ್ತದೆ. ಟೊಳ್ಳು ಮೂತಿಯ ಹಾಗೆ ಅರಳಿ ಅರ್ಧ ಪ್ರಾಣಿಯನ್ನು ಹಾಳು ಮಾಡುವುದೂ ಇಲ್ಲ. ಇಷ್ಟು ಗೊತ್ತಿದ್ದೇ ಸಿಸಿಐ ಕಂಪನಿ ಸ್ಮಾಲ್ ಗೇಮ್ ಬುಲೆಟ್ ಎಂಬ ತೋಟೆ ಮಾಡಿದ್ದು: 40 ಗ್ರೇನ್, ಸಪಾಟು ಮೂತಿ, ಸೆಕೆಂಡಿಗೆ 1,235 ಅಡಿ. ತೋಟೆಯನ್ನು ಅಚ್ಚಿನೊಳಗೆ ಇಳಿಸಿ ಮೂತಿ ಸಮ ಮಾಡುವ ಕೈಸಾಧನಗಳೂ ಇಲ್ಲಿನ ಹವ್ಯಾಸಿಗಳಲ್ಲಿ ಉಂಟು. ಬೇರೆ ಯಾವುದೂ ಸಿಗದ ಕಾಲಕ್ಕೆ ಅದು ಸರಿ. ಅಂಗಡಿಯಲ್ಲಿ ಹತ್ತಾರು ಬಗೆ ಸಾಲಾಗಿ ಇರುವಾಗ ಹೊಸಬರಿಗೆ ಅದರ ಗೊಡವೆ ಬೇಡ.

ಯಾವುದು ಕೊಳ್ಳಬೇಕು? ವೇಗದ ಮೇಲೆ ನೋಡಿ. ಸ್ಟ್ಯಾಂಡರ್ಡ್ ವೆಲಾಸಿಟಿ ಎಂದರೆ 40 ಗ್ರೇನ್, ಸುಮಾರು 1,070 ಅಡಿ. ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನದ) ಟೊಳ್ಳು ಮೂತಿಯದು 1,050ರ ಹತ್ತಿರ. ಹೈ ವೆಲಾಸಿಟಿ 1,235ರಿಂದ 1,280. ಸಿಸಿಐಯ ಸ್ಟಿಂಗರ್ ಎಂಬ ತೋಟೆ 32 ಗ್ರೇನಿನದು, 1,640 ಅಡಿ. ದೊಡ್ಡ ಅಂಕಿ ಕಂಡು ಸ್ಟಿಂಗರ್ ಎತ್ತಿಕೊಳ್ಳುವವರೇ ಜಾಸ್ತಿ. ಅಳಿಲಿನ ಭುಜಕ್ಕೆ ಅದು ಬಿದ್ದರೆ ಮುಂದಿನ ಅರ್ಧ ಸಾರಿಗೆ ಬಾರದು. ಅದರ ಕೊಳವೆ ಬೇರೆ ತುಸು ಉದ್ದ, ಸ್ಪರ್ಧೆಗೆಂದು ಮಾಡಿದ ಬಿಗಿಯಾದ ಮ್ಯಾಚ್ ಚೇಂಬರಿನ ರೈಫಲಿಗೆ ಹಾಕಬಾರದು. 50 ಗಜದೊಳಗೆ ತಲೆಗೆ ಹೊಡೆಯುವವರಿಗೆ ಸ್ಟ್ಯಾಂಡರ್ಡ್ ಅಥವಾ ಸಬ್‌ಸಾನಿಕ್ ಸಾಕು, ಮೈಗೂ ಬಿದ್ದೀತು ಎನ್ನುವವರಿಗೆ ಸಪಾಟು ಮೂತಿ. ನನ್ನನ್ನು ಕೇಳಿದರೆ ಹೊಸಬರು ಮೊದಲ ವರ್ಷ ಸ್ಟ್ಯಾಂಡರ್ಡ್ ಬಿಟ್ಟು ಬೇರೆ ಮುಟ್ಟುವುದೇ ಬೇಡ.

ನಿಧಾನದ ಗುಂಡು ಒಳ್ಳೆಯದು ಎನ್ನುವುದಕ್ಕೆ ಕಾರಣ ಉಂಟು. 20 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,125 ಅಡಿ. ಹೈ ವೆಲಾಸಿಟಿ ಗುಂಡು ಅದಕ್ಕಿಂತ ಜೋರಾಗಿ ಹೊರಟು, ಹೋಗುತ್ತಾ ಹೋಗುತ್ತಾ ಅದರ ಕೆಳಗೆ ಇಳಿಯುತ್ತದೆ. ಆ ಗಡಿ ದಾಟುವ ಜಾಗದಲ್ಲಿ ಗುಂಡು ಕದಲುವುದು ಹೆಚ್ಚು. ಗಾಳಿಗೆ ಬದಿಗೆ ಸರಿಯುವುದೂ ನಿಧಾನದ್ದಕ್ಕಿಂತ ಅದೇ ಹೆಚ್ಚು, ನಂಬಲು ಕಷ್ಟ, ಆದರೆ ಹಾಗೆಯೇ. ಚಳಿಯಲ್ಲಿ ಲೆಕ್ಕ ಬದಲಾಗುತ್ತದೆ. ಸೊನ್ನೆ ಡಿಗ್ರಿಗೆ ಶಬ್ದದ ವೇಗ 1,087 ಅಡಿಗೆ ಇಳಿಯುತ್ತದೆ, ಸೊನ್ನೆಗಿಂತ 10 ಡಿಗ್ರಿ ಕೆಳಗೆ ಹೋದರೆ 1,070 ಅಡಿಯ ತೋಟೆಯೂ ಗಡಿಯ ಮೇಲೇ ಇರುತ್ತದೆ. ಮೇಣವೂ ಗಟ್ಟಿಯಾಗುತ್ತದೆ. ಅಕ್ಟೋಬರಿನಲ್ಲಿ ಸರಿಮಾಡಿದ ಗುರಿಯನ್ನು ಜನವರಿಯಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕಾಗುವುದು ಇದಕ್ಕೇ.

ನಿಜವಾದ ಸುಧಾರಣೆ ಇರುವುದು ರೈಫಲಿಗೆ ಹಿಡಿಸುವ ತೋಟೆ ಹುಡುಕುವುದರಲ್ಲಿ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು .22 ರೈಫಲಿಗೆ ಒಂದೇ ತೋಟೆ ಹಿಡಿಸಬೇಕೆಂದಿಲ್ಲ. ಐದಾರು ಬಗೆಯವನ್ನು 50ರ ಒಂದೊಂದು ಪೆಟ್ಟಿಗೆ ತನ್ನಿ. ಪೆನ್ಸಿಲ್ವೇನಿಯಾ ಗೇಮ್ ಕಮಿಷನ್ನಿನ ಸಾರ್ವಜನಿಕ ರೇಂಜುಗಳಲ್ಲಿ ಬೇಟೆ ಲೈಸೆನ್ಸ್ ಇದ್ದವರು ಹೊಡೆಯಬಹುದು. ಗಾಳಿಯಿಲ್ಲದ ಬೆಳಿಗ್ಗೆ ಮೇಜಿನ ಮೇಲೆ ಮರಳು ಚೀಲವಿಟ್ಟು, ಅದರ ಮೇಲೆ ಕೋವಿಯ ಮರದ ಭಾಗ ಕೂರಿಸಿ. ನಳಿಗೆ ಚೀಲಕ್ಕೆ ತಾಗಬಾರದು. ಪ್ರತಿ ಬಗೆಯ ಮೊದಲ 10–15 ತೋಟೆಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಹಿಂದಿನ ತೋಟೆಯ ಮೇಣ ಹೋಗಿ ಹೊಸದರದ್ದು ನಳಿಗೆಗೆ ಹತ್ತಲು ಅಷ್ಟು ಬೇಕು. ಅನಂತರ 50 ಗಜಕ್ಕೆ ಐದೈದರ ಐದು ಗುಂಪು ಹೊಡೆಯಿರಿ. ಒಂದೇ ಒಂದು ಚಂದದ ಗುಂಪು ಕಂಡು ಮರುಳಾಗಬೇಡಿ, ಐದರಲ್ಲೂ ಒಂದು ಇಂಚಿನೊಳಗೆ ನಿಲ್ಲುವುದು ಬೇಕು, ಯಾಕೆಂದರೆ ಅಳಿಲಿನ ತಲೆಯಲ್ಲಿ ಗುರಿಗೆ ಸಿಗುವ ಜಾಗ ಹೆಚ್ಚುಕಮ್ಮಿ ಅಷ್ಟೇ. ಗೆದ್ದ ಪೆಟ್ಟಿಗೆಯ ಮೇಲೆ ಅಚ್ಚಾದ ಲಾಟ್ ನಂಬರ್ (ಒಂದೇ ಸಲಕ್ಕೆ ತಯಾರಾದ ಕಂತಿನ ಸಂಖ್ಯೆ) ನೋಡಿ, ಅದೇ ಲಾಟಿನ 500ರ ಕಟ್ಟು ಕೊಳ್ಳಿ. ಅದೇ ಹೆಸರಿನ ಬೇರೆ ಲಾಟ್ ಬೇರೆ ತೋಟೆಯ ಹಾಗೆಯೇ ವರ್ತಿಸಬಹುದು.

ಅಂಚಿನ ದಪ್ಪ ಅಳೆದು, ತೂಕ ನೋಡಿ ತೋಟೆಗಳನ್ನು ಬೇರ್ಪಡಿಸುವವರೂ ಇದ್ದಾರೆ. ಕಾಗದದ ಗುರಿಯ ಸ್ಪರ್ಧೆಗೆ ಹೋಗುವವರು ಮಾಡಲಿ, ಅಳಿಲಿಗೆ ಅದು ಬೇಡ.

ಗುರಿಯನ್ನು 50 ಗಜಕ್ಕೆ ಸರಿಮಾಡಿಕೊಳ್ಳಿ. ಸ್ಟ್ಯಾಂಡರ್ಡ್ ತೋಟೆ 75 ಗಜದಲ್ಲಿ ಸುಮಾರು 2 ಇಂಚು, 100 ಗಜದಲ್ಲಿ 6–7 ಇಂಚು ಕೆಳಗೆ ಬೀಳುತ್ತದೆ, ಹಾಗಾಗಿ 50ರ ಆಚೆ ಹೊಡೆಯುವ ಆಸೆ ಬಿಡುವುದೇ ಲೇಸು. ಸ್ಕೋಪ್ ಕೊಳ್ಳುವಾಗ ಅಂಚು ಜಜ್ಜಿ ಸಿಡಿಯುವ .22ರಂಥ ಕೋವಿಯ, ಅಂದರೆ ರಿಮ್‌ಫೈರಿನದ್ದೇ ಕೇಳಿ. ದೊಡ್ಡ ರೈಫಲಿನ ಸ್ಕೋಪಿನ ಪ್ಯಾರಲ್ಯಾಕ್ಸ್ ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿದ್ದು, ಹತ್ತಿರದಲ್ಲಿ ಕಣ್ಣು ತುಸು ಸರಿದರೂ ಗುರಿ ಸರಿಯುತ್ತದೆ.

ಹೊಡೆದರೂ ಸಿಡಿಯದಿದ್ದರೆ ಕೋವಿಯ ಮೂತಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಅಂಚಿನ ಆ ಭಾಗಕ್ಕೆ ಮದ್ದು ಹರಡಿರದಿದ್ದರೆ ಹೀಗಾಗುತ್ತದೆ. ತೆಗೆದು ತಿರುಗಿಸಿ ಹಾಕಿದರೆ ಹೆಚ್ಚಿನವು ಹೊತ್ತಿಕೊಳ್ಳುತ್ತವೆ. "ಪುಸ್" ಎಂದು ಮೆಲ್ಲಗೆ ಕೇಳಿಸಿದರೆ ಮಾತ್ರ ಮುಂದಿನದ್ದನ್ನು ಹಾಕಲೇಬೇಡಿ, ಗುಂಡು ನಳಿಗೆಯಲ್ಲೇ ನಿಂತಿರಬಹುದು. ಸರಳು ತೂರಿಸಿ ನೋಡಿ. ಖಾಲಿ ಕೋವಿಯ ಟ್ರಿಗರ್ ಎಳೆಯುವ ಚಾಳಿಯೂ ಬೇಡ, ಬಹಳಷ್ಟು ರಿಮ್‌ಫೈರುಗಳಲ್ಲಿ ಪಿನ್ನು ಚೇಂಬರಿನ ಅಂಚನ್ನೇ ಕುಟ್ಟುತ್ತದೆ.

ಇಷ್ಟು ಚಿಕ್ಕ ತೋಟೆಯೂ ಒಂದು ಮೈಲಿಗಿಂತ ಆಚೆ ಹೋಗಿ ಬೀಳುತ್ತದೆ. ಕೊಂಬೆಯ ತುದಿಯಲ್ಲಿ ಆಕಾಶಕ್ಕೆ ಎದುರಾಗಿ ಕೂತ ಅಳಿಲಿಗೆ ಹೊಡೆಯಬಾರದು, ಅದು ಕಾಂಡಕ್ಕೆ ಒತ್ತಿಕೊಂಡಾಗ ಹೊಡೆಯಬೇಕು. ನೀರು, ಹೆಪ್ಪುಗಟ್ಟಿದ ನೆಲ, ಕಲ್ಲು ಇವುಗಳಿಗೆ ತಾಗಿ ಪುಟಿಯುವುದರಲ್ಲಿ .22 ಕುಖ್ಯಾತ.

ಮುಂದೆ ಕೆಲಸ ಕ್ಯಾಲಿಫೋರ್ನಿಯಾಕ್ಕೆ ವರ್ಗವಾದರೆ ಈ ಸೀಸದ ಲೆಕ್ಕವೆಲ್ಲ ಮರೆತುಬಿಡಿ. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸ ಬಳಸುವಂತೆಯೇ ಇಲ್ಲ. 21 ಗ್ರೇನಿನ ತಾಮ್ರದಂಥ ಹಗುರ ಗುಂಡುಗಳೇ ಗತಿ. ಎಲ್ಲಿ ಹೊಡೆದರೂ ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಬಿಸಾಡಿ, ಸೀಸದ ಚೂರು ಕಣ್ಣಿಗೆ ಕಾಣುವುದಿಲ್ಲ. ಮೊಲವನ್ನು ಬರಿಗೈಯಲ್ಲಿ ಸುಲಿಯಬೇಡಿ. ಟುಲರೀಮಿಯ ಎಂಬ ಜ್ವರ ಕೈಯ ಗೀರಿನಿಂದಲೂ ಹತ್ತುತ್ತದೆ. ಕೈಗವಸು ಹಾಕಿ, ಪಿತ್ತಜನಕಾಂಗದಲ್ಲಿ ಬಿಳಿ ಚುಕ್ಕೆ ಕಂಡರೆ ಇಡೀ ಪ್ರಾಣಿಯನ್ನು ಬಿಡಿ. ಮಾಂಸದ ಒಳಭಾಗ 74 ಡಿಗ್ರಿಗೆ ಬರುವಷ್ಟು ಬೇಯಬೇಕು. ನಮ್ಮ ಕಡೆಯ ಸುಕ್ಕಕ್ಕೆ ಬೇಯುವಷ್ಟು ಬೆಂದರೆ ಆ ಹೆದರಿಕೆ ಇಲ್ಲ.

ಇನ್ನು ಮಾವನಿಗೆ ತೋಟೆ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಒಂದೇ ಒಂದು ಜೀವಂತ ತೋಟೆ ಸಿಕ್ಕಿದರೂ 1959ರ ಆಯುಧ ಕಾಯ್ದೆ. ಬೇಕೆಂದು ತರುವವರಿಗಿಂತ ಮರೆತು ಸಿಕ್ಕಿಬೀಳುವವರೇ ಹೆಚ್ಚು. ಜಾಕೆಟಿನ ಒಳಜೇಬಿನಲ್ಲಿ, ಬ್ಯಾಗಿನ ಹೊಲಿಗೆಯ ಸಂದಿನಲ್ಲಿ ಉಳಿದ ಒಂದು .22 ಬಜ್ಪೆಯಲ್ಲೋ ಕಣ್ಣೂರಿನಲ್ಲೋ, ನಡುವೆ ವಿಮಾನ ಬದಲಿಸುವ ದುಬೈ, ದೋಹಾದಲ್ಲೋ ಸ್ಕ್ಯಾನರಿಗೆ ಕಾಣುತ್ತದೆ. ರೇಂಜಿಗೆ ಒಯ್ಯುವ ಬ್ಯಾಗ್, ಜಾಕೆಟ್ ಎರಡನ್ನೂ ಊರಿನ ಪ್ರಯಾಣಕ್ಕೆ ತೆಗೆಯಲೇಬೇಡಿ. ಖಾಲಿ ಕೊಳವೆಯೂ ಬೇಡ, ಅದನ್ನು ತೋರಿಸಿ ಸಮಜಾಯಿಷಿ ಕೊಡುವಷ್ಟರಲ್ಲಿ ವಿಮಾನ ಹೋಗಿರುತ್ತದೆ. ರೈಫಲ್ ಸ್ಕೋಪ್ ತರುತ್ತೇನೆ ಎಂದರೆ ಅದೂ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ. ಹಂದಿ ಕಾಯುವ ಮಾವನಿಗೆ ಕೊಡಲೇಬೇಕಿದ್ದರೆ ತಲೆಗೆ ಕಟ್ಟುವ ಒಳ್ಳೆಯ ಹೆಡ್‌ಲೈಟ್ ತನ್ನಿ. ಅದರ ಬಿಡಿ ಲಿಥಿಯಂ ಬ್ಯಾಟರಿಗಳು ಲಗೇಜಿನಲ್ಲಿ ಹೋಗುವುದಿಲ್ಲ, ಕೈಚೀಲದಲ್ಲಿ ಇಟ್ಟುಕೊಳ್ಳಿ.