ಕುದುರೆ ಸವಾರಿ ಚಿಕಿತ್ಸೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ನನ್ನ ಮಗಳಿಗೆ ಆರು ವರ್ಷ. ಸೆರೆಬ್ರಲ್ ಪಾಲ್ಸಿಯಿಂದ ಎರಡೂ ಕಾಲು ಬಿಗಿ, ಕತ್ತರಿ ಹಾಕಿದ ಹಾಗೆ ನಡೆಯುತ್ತಾಳೆ. ಕುದುರೆ ಮೇಲೆ ಕೂರಿಸಿದರೆ ಕಾಲು ಸಡಿಲವಾಗುತ್ತದೆ ಅಂತಾರೆ. ನಿಜವೇ?
— ಒಬ್ಬ ತಾಯಿ, ಹಾಸನ

ಒಂದು ಮಟ್ಟಿಗೆ ನಿಜ. ನಡೆಯುವ ಕುದುರೆಯ ಬೆನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ, ಎಲ್ಲ ಕಡೆಗೂ ಒಟ್ಟಿಗೇ ಆಡುತ್ತದೆ. ಮೇಲೆ ಕೂತವರ ಸೊಂಟವೂ ಅದರ ಜೊತೆ ನಿಮಿಷಕ್ಕೆ 100ರಿಂದ 120 ಸಲ ತೂಗುತ್ತದೆ. ನಾವು ನೆಲದ ಮೇಲೆ ನಡೆಯುವಾಗ ಆಗುವುದೂ ಹೆಚ್ಚುಕಡಿಮೆ ಇದೇ. ತೊಡೆ ಅಗಲಿಸಿ ಕೂತಿರುವುದರಿಂದ, ಜೊತೆಗೆ 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುದುರೆಯ ಮೈಬಿಸಿಯಿಂದ, ಒಳತೊಡೆಯ ಸ್ನಾಯು ಸಡಿಲಗೊಳ್ಳುತ್ತದೆ. ಅದಕ್ಕೇ ಇಂಥ ಮಕ್ಕಳಿಗೆ ಗಟ್ಟಿ ಜೀನು ಹಾಕದೆ ಮೆತ್ತನೆಯ ಹಾಸು, ಅದರ ಮೇಲೆ ಹಿಡಿಕೆ ಇರುವ ಪಟ್ಟಿ ಕಟ್ಟುತ್ತಾರೆ.

ಆದರೆ ಈ ಸಡಿಲ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇಳಿದ ಕೂಡಲೇ ನಿಲ್ಲುವ, ನಡೆಯುವ ವ್ಯಾಯಾಮ ಮಾಡಿಸಿದರೆ ಲಾಭ. ಇಳಿಸಿ ಕಾರಿನಲ್ಲಿ ಕೂರಿಸಿದರೆ ಅರ್ಧ ಲಾಭ ಅಲ್ಲೇ ಹೋಯಿತು. ಶುರು ಮಾಡುವ ಮುಂಚೆ ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಲೇಬೇಕು. ಬಿಗಿ ಕಾಲಿನ ಮಕ್ಕಳಲ್ಲಿ ತೊಡೆಮೂಳೆ ಕೀಲಿನಿಂದ ಮೆಲ್ಲಗೆ ಜಾರುತ್ತಿರಬಹುದು, ಹೊರಗೆ ಗೊತ್ತಾಗುವುದಿಲ್ಲ. ಹತೋಟಿಗೆ ಬಾರದ ಫಿಟ್ಸ್ ಇದ್ದರೂ ಕೂರಿಸಬಾರದು. ಒಂದು ಸಲಕ್ಕೆ 20ರಿಂದ 30 ನಿಮಿಷ ಸಾಕು. "ಆರು ತಿಂಗಳಲ್ಲಿ ಓಡಾಡಿಸುತ್ತೇವೆ" ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ನಮ್ಮ ಐದು ವರ್ಷದ ಮಗನಿಗೆ ಡೌನ್ ಸಿಂಡ್ರೋಮ್. ಪ್ರವಾಸಿ ಜಾಗದಲ್ಲಿ ಬಾಡಿಗೆ ಕುದುರೆ ಕಂಡರೆ ಹತ್ತಲೇಬೇಕೆಂದು ಹಟ ಮಾಡುತ್ತಾನೆ. ವಾರಕ್ಕೊಮ್ಮೆ ಅಲ್ಲೇ ಕೂರಿಸಿದರೆ ಚಿಕಿತ್ಸೆಯೂ ಆದೀತಲ್ಲವೇ?
— ಒಬ್ಬ ತಂದೆ, ಮೈಸೂರು

ಬೇಡ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲವಿರುತ್ತದೆ. ಕುದುರೆ ಒಮ್ಮೆ ಬೆಚ್ಚಿ ಹಾರಿದರೂ ಬೆನ್ನುಹುರಿಗೆ ಪೆಟ್ಟಾಗಬಹುದು. ಮೊದಲು ಮೂಳೆ ಅಥವಾ ನರ ವೈದ್ಯರಿಗೆ ತೋರಿಸಿ, ಕತ್ತನ್ನು ಮುಂದೆ ಬಾಗಿಸಿಯೂ ಹಿಂದೆ ಚಾಚಿಯೂ ತೆಗೆವ ಎಕ್ಸ್‌ರೇ ಬೇಕೇ ಎಂದು ಕೇಳಿ. ಎಕ್ಸ್‌ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ಮೈಮರೆಯುವ ಹಾಗಿಲ್ಲ. ಕತ್ತು ಓರೆಯಾಗುವುದು, ನಡಿಗೆ ಎಡವುವುದು, ಕೈಯಿಂದ ವಸ್ತು ಜಾರುವುದು, ಮೂತ್ರದ ಹತೋಟಿ ತಪ್ಪುವುದು, ಇವುಗಳಲ್ಲಿ ಒಂದಾದರೂ ಹೊಸದಾಗಿ ಕಂಡರೆ ಸವಾರಿ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಬಾಡಿಗೆ ಕುದುರೆಯವನದು ಬೇರೆ ಕಸುಬು. ಅಲ್ಲಿ ಹಗ್ಗ ಹಿಡಿಯಲು ಒಬ್ಬನೇ ಇರುತ್ತಾನೆ. ಚಿಕಿತ್ಸೆಗೆ ಮೂವರು ಬೇಕು: ಕುದುರೆಯ ತಲೆ ಮತ್ತು ಭುಜದ ನಡುವೆ ನಡೆಯುವವರೊಬ್ಬರು, ಮಗುವಿನ ಎರಡೂ ಪಕ್ಕದಲ್ಲಿ ಒಬ್ಬೊಬ್ಬರು. ಪಕ್ಕದವರು ತಮ್ಮ ಮುಂಗೈಯನ್ನು ಮಗುವಿನ ತೊಡೆಯ ಮೇಲೆ ಅಡ್ಡ ಇಟ್ಟು ಪಟ್ಟಿಯ ಹಿಡಿಕೆ ಹಿಡಿಯುತ್ತಾರೆ. ಕೈ ಸೋತರೆ ಕುದುರೆ ನಿಲ್ಲಿಸಿ, ಒಬ್ಬೊಬ್ಬರಾಗಿ ಪಕ್ಕ ಬದಲಿಸಬೇಕು. ಎಳೆಯುವ ಹಗ್ಗವನ್ನು ಯಾರೂ ಕೈಗೆ ಸುತ್ತಿಕೊಳ್ಳಬಾರದು.

ನಾನು ವಿಶೇಷ ಶಿಕ್ಷಕಿ. ಸವಾರಿಯ ಹೊತ್ತಿನಲ್ಲಿ ಕುದುರೆಯ ಜನಪದ ಹಾಡು ಹೇಳಿಸಬೇಕೆಂದಿದ್ದೇನೆ. ಎಂಥ ಹಾಡು ಹೊಂದುತ್ತದೆ? ಕಳೆದ ಸಲ ಹಾಡು ಶುರುವಾದೊಡನೆ ಕುದುರೆಯೇ ಓಡತೊಡಗಿತು.
— ಧಾರವಾಡ

ಕುದುರೆ ಹಾಡಿಗೆ ಓಡಿದ್ದಲ್ಲ, ಹಾಡಿದವರ ಕಾಲಿಗೆ ಓಡಿದ್ದು. ಹಾಡು ಚುರುಕಾದರೆ ಪಕ್ಕದವರ ಹೆಜ್ಜೆ ಚುರುಕಾಗುತ್ತದೆ, ಹಗ್ಗ ಹಿಡಿದವರೂ ಅವಸರ ಮಾಡುತ್ತಾರೆ, ಕುದುರೆ ಕುಕ್ಕುಲೋಟಕ್ಕೆ ಇಳಿಯುತ್ತದೆ. ಆಗ ಬಿಗಿ ಕಾಲಿನ ಮಗು ಇನ್ನಷ್ಟು ಬಿಗಿಯುತ್ತದೆ. ಕುದುರೆಯ ನಡೆ ನೋಡಿ ಹಾಡು ಆರಿಸಬೇಕು, ಹಾಡಿಗೆ ಕುದುರೆಯನ್ನು ಎಳೆಯಬಾರದು.

ಅಳತೆ ಹೀಗೆ. ಕುದುರೆಯ ಒಂದೇ ಹಿಂಗಾಲನ್ನು ನೋಡುತ್ತಾ ಅರ್ಧ ನಿಮಿಷದಲ್ಲಿ ಅದು ಎಷ್ಟು ಸಲ ನೆಲ ಮುಟ್ಟಿತೆಂದು ಎಣಿಸಿ. ಸಾಮಾನ್ಯವಾಗಿ 25ರಿಂದ 30 ಬರುತ್ತದೆ. ಅದನ್ನು ನಾಲ್ಕರಿಂದ ಗುಣಿಸಿದರೆ ಮಗುವಿನ ಸೊಂಟ ನಿಮಿಷಕ್ಕೆ ಎಷ್ಟು ಸಲ ತೂಗುತ್ತದೆಂಬ ಲೆಕ್ಕ ಸಿಕ್ಕಿತು. ಹಾಡಿನ ತಾಳ ಆ ಲೆಕ್ಕಕ್ಕೆ ಕೂಡಬೇಕು. ಹೆಜ್ಜೆನಡೆಯಲ್ಲಿ ನಾಲ್ಕು ಗೊರಸೂ ಬೇರೆಬೇರೆಯಾಗಿ ಬೀಳುವುದರಿಂದ ನಾಲ್ಕು ಮಾತ್ರೆಯ, ತಕಧಿಮಿ ನಡೆಯ ಹಾಡು ಚೆನ್ನಾಗಿ ಕೂಡುತ್ತದೆ. ಮೂರು ಮಾತ್ರೆಯ ತಕಿಟ ನಡೆ ಕುಣಿತಕ್ಕೆ ಚೆಂದ, ಇಲ್ಲಿ ಎಡವುತ್ತದೆ.

ವಸ್ತುವಿಗೆ ನಮ್ಮಲ್ಲಿ ಬರವಿಲ್ಲ: ಬಿಳಿಗುದುರೆಯ ಮೈಲಾರಲಿಂಗನಿದ್ದಾನೆ, ಕುದುರೆ ಏರಿ ಬರುವ ಮದುಮಗನಿದ್ದಾನೆ. ಒಬ್ಬರು ಹೇಳಿ ಉಳಿದವರು ಸೊಲ್ಲು ಹಿಡಿಯುವ ಹಾಡುಗಳು ಎಲ್ಲಕ್ಕಿಂತ ಉಪಯೋಗ, ಏಕೆಂದರೆ ಸೊಲ್ಲಿನ ಸರದಿ ಮಗುವಿಗೆ ಬಿಡಬಹುದು. ಮಾತು ಕಡಿಮೆ ಇರುವ ಮಗು ಕೊನೆಯ ಒಂದು ಅಕ್ಷರ ಹೇಳಿದರೂ ಸಾಕು. ತ್ರಿಪದಿಗೆ ಇನ್ನೊಂದು ಗುಣವಿದೆ. ಮೊದಲ ಸಾಲಿಗೆ ಕುದುರೆ ಹೊರಡಲಿ, ಎರಡನೆಯ ಸಾಲನ್ನು ಮತ್ತೆ ಹೇಳುತ್ತಾ ನಡೆಯಲಿ, ಮೂರನೆಯ ಸಾಲಿನ ಕೊನೆಗೆ ನಿಲ್ಲಲಿ. ಕುದುರೆ ನಿಲ್ಲುವಾಗ ಮಗುವಿನ ಮೈ ಮುಂದಕ್ಕೆ, ಹೊರಡುವಾಗ ಹಿಂದಕ್ಕೆ ವಾಲುತ್ತದೆ. ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳಿಗೆ ನಿಜವಾದ ಕೆಲಸ ಅದೇ. ಎಲ್ಲಿ ನಿಲ್ಲುತ್ತದೆಂದು ಹಾಡಿನಿಂದ ಮೊದಲೇ ಗೊತ್ತಾದರೆ ಮಗು ತಾನೇ ಮೈ ಸಜ್ಜು ಮಾಡಿಕೊಳ್ಳುತ್ತದೆ. ಮತ್ತೆ ಹೊರಡಲು "ನಡಿ" ಅನ್ನುವ ಅಧಿಕಾರ ಮಗುವಿನದೇ ಆಗಿರಲಿ, ಅದು ಹೇಳುವ ತನಕ ಕಾಯಿರಿ.

ಹಾಡುವವರು ಪಕ್ಕದಲ್ಲಿ ನಡೆಯುವ ಒಬ್ಬರೇ ಆಗಿರಲಿ. ಹಗ್ಗ ಹಿಡಿದವರು ಹಾಡುವುದು ಬೇಡ, ಅವರ ಗಮನ ಕುದುರೆಯ ಕಿವಿಯ ಮೇಲಿರಬೇಕು. ತಮಟೆ, ಸೀಟಿ, ಹಠಾತ್ ಚಪ್ಪಾಳೆ ಬೇಡವೇ ಬೇಡ. ಕುದುರೆ ಬೆಚ್ಚದಿದ್ದರೂ ಮಗು ಬೆಚ್ಚುತ್ತದೆ. ಹೊಸ ಹಾಡನ್ನು ಖಾಲಿ ಬೆನ್ನಿನ ಕುದುರೆಯ ಜೊತೆ ಕೆಲವು ದಿನ ಹಾಡಿ ಅಭ್ಯಾಸ ಮಾಡಿಸಿ. ಮೈ ಜೋಲುವ ಮಕ್ಕಳಿಗೆ ಜೋಗುಳದ ಧಾಟಿ ಹೊಂದದು, ಕುಸಿದು ಕೂರುತ್ತಾರೆ. ಅವರಿಗೆ ಚುರುಕು ನಡೆ, ಚುರುಕು ಹಾಡು.

ತೋಟದಲ್ಲಿ ಜಾಗವಿದೆ. ನಿವೃತ್ತ ರೇಸ್ ಕುದುರೆ ಅಗ್ಗಕ್ಕೆ ಸಿಗುತ್ತದೆ. ಇಂಥ ಕೇಂದ್ರ ತೆರೆಯಬಹುದೇ?
— ದೊಡ್ಡಬಳ್ಳಾಪುರ

ಅಗ್ಗದ ಕುದುರೆ ಇಲ್ಲಿ ದುಬಾರಿ ಬೀಳುತ್ತದೆ. ರೇಸ್ ಕುದುರೆ ಸಾಮಾನ್ಯವಾಗಿ 15ರಿಂದ 16 ಹ್ಯಾಂಡ್ ಎತ್ತರ (ಒಂದು ಹ್ಯಾಂಡ್ ಅಂದರೆ 4 ಇಂಚು). ಪಕ್ಕದಲ್ಲಿ ನಡೆಯುವವರ ಕೈ ಮಗುವಿನ ಸೊಂಟಕ್ಕೆ ಎಟುಕುವುದೇ ಕಷ್ಟ. 13ರಿಂದ 14 ಹ್ಯಾಂಡ್‌ನ, ವಯಸ್ಸು ಹತ್ತು ದಾಟಿದ, ಎಡಬಲ ಸಮನಾಗಿ ಹೆಜ್ಜೆ ಹಾಕುವ ಶಾಂತ ಕುದುರೆ ನೋಡಿ. ಮಾರ್ವಾರಿ ತಳಿಯ ಕುದುರೆಗಳಲ್ಲಿ ಕೆಲವಕ್ಕೆ ರೇವಾಲ್ ಎಂಬ ನಡೆ ಇರುತ್ತದೆ, ಕುಲುಕೇ ಇಲ್ಲದೆ ಸಾಗುತ್ತವೆ. ಮಾರುವವರು ಅದನ್ನೇ ಹೊಗಳುತ್ತಾರೆ, ನಿಮಗೆ ಬೇಕಿರುವುದು ಆ ಕುಲುಕೇ. ಜೀನು, ಮಗು ಸೇರಿ ಕುದುರೆಯ ತೂಕದ ಶೇ. 20 ಮೀರಬಾರದು: 250 ಕಿಲೋ ಕುದುರೆಗೆ 50 ಕಿಲೋ ಮಿತಿ. ಕೊಳ್ಳುವ ಮುಂಚೆ ಪಶುವೈದ್ಯರಿಂದ ಗ್ಲ್ಯಾಂಡರ್ಸ್ ಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಹರಡುವ ರೋಗ. ಲದ್ದಿಯಲ್ಲಿ ಧನುರ್ವಾಯುವಿನ ರೋಗಾಣು ಇರುವುದರಿಂದ ಮಕ್ಕಳದೂ ಸಹಾಯಕರದೂ ಲಸಿಕೆ ಬಾಕಿ ಇರಕೂಡದು. ಇಷ್ಟೆಲ್ಲ ಇದ್ದರೂ ಫಿಸಿಯೋಥೆರಪಿಸ್ಟ್ ಇಲ್ಲದೆ ಶುರು ಮಾಡಬೇಡಿ.

ಆಟಿಸಂ ಇರುವ ಮಗ ಹೆಲ್ಮೆಟ್ ಹಾಕಿದರೆ ಕಿರುಚುತ್ತಾನೆ. ಹೆಲ್ಮೆಟ್ ಇಲ್ಲದೆ ಕೂರಿಸಬಹುದೇ?
— ಮಂಗಳೂರು

ಕೂಡದು. ಹೆಲ್ಮೆಟ್ ಮನೆಗೆ ತನ್ನಿ. ಮೊದಲು ಮಡಿಲಲ್ಲಿ, ಆಮೇಲೆ ಪಟ್ಟಿ ಕಟ್ಟದೆ ತಲೆಯ ಮೇಲೆ ಒಂದು ಹಾಡಿನ ಸೊಲ್ಲು ಹೇಳಿ ಮುಗಿಸುವಷ್ಟು ಹೊತ್ತು, ಕೊನೆಗೆ ಪಟ್ಟಿ ಬಿಗಿದು. ಹಾಡು ಮುಗಿದೊಡನೆ ತೆಗೆಯಬೇಕು. ಒಮ್ಮೆ ಮಾತು ತಪ್ಪಿದರೂ ಅವನು ಮುಂದೆ ನಂಬುವುದಿಲ್ಲ. ಸೈಕಲ್ ಹೆಲ್ಮೆಟ್ ಆಗದು, ಸವಾರಿಯದೇ ಬೇಕು. ಅಲ್ಲಿಯ ತನಕ ಲಾಯದಲ್ಲಿ ಕುದುರೆಯ ಮೈ ಉಜ್ಜುವ ಕೆಲಸ ಕೊಡಿ.