7 ವರ್ಷದ ಶಿಕ್ಷೆಗೆ ಒಳಗೆ ಹೋದ ಬ್ರಿಟನ್ನಿನ ಕುಖ್ಯಾತ ಕೈದಿ ಚಾರ್ಲ್ಸ್ ಬ್ರಾನ್ಸನ್ ದಶಕಗಟ್ಟಲೆ ಜೈಲಿನಲ್ಲೇ ಉಳಿದದ್ದು ಯಾಕೆ?

ಹೊರಗೆ ಮಾಡಿದ ಅಪರಾಧಕ್ಕಿಂತ ಹೆಚ್ಚಾಗಿ, ಜೈಲಿನೊಳಗೆ ಮಾಡಿದ್ದಕ್ಕೆ.

1974ರಲ್ಲಿ ಶಸ್ತ್ರ ಹಿಡಿದು ದರೋಡೆ ಮಾಡಿದ್ದಕ್ಕೆ ಬ್ರಿಟನ್ನಿನ ಕೋರ್ಟು ಕೊಟ್ಟದ್ದು 7 ವರ್ಷ. ತಲೆ ತಗ್ಗಿಸಿಕೊಂಡು ಇದ್ದಿದ್ದರೆ ಅವಧಿಗೆ ಮೊದಲೇ ಮನೆ ಸೇರುತ್ತಿದ್ದ. ಆದರೆ ಸಹಕೈದಿಗಳ, ಸಿಬ್ಬಂದಿಯ ಮೇಲೆ ಕೈ ಮಾಡುತ್ತಲೇ ಹೋದ. ಜೈಲಿನೊಳಗಿನ ಹಲ್ಲೆಯೂ ಹೊಸ ಕೇಸೇ. ಅದರ ಶಿಕ್ಷೆ ಹಳೆಯದಕ್ಕೆ ಬಾಲದಂತೆ ಸೇರುತ್ತದೆ. ನಡುವೆ 1987ರಲ್ಲಿ, 1992ರಲ್ಲಿ ಬಿಡುಗಡೆಯಾದರೂ ಕೆಲವೇ ವಾರಗಳಲ್ಲಿ ಮತ್ತೆ ಒಳಗೆ.

ಕಥೆ ಪೂರ್ತಿ ತಿರುಗಿದ್ದು 1999ರಲ್ಲಿ, ಇಂಗ್ಲೆಂಡಿನ ಹಲ್ ಊರಿನ ಜೈಲಿನಲ್ಲಿ. ತಾನು ಬಿಡಿಸಿದ ಚಿತ್ರವನ್ನು ಟೀಕಿಸಿದರು ಅಂತ ಚಿತ್ರಕಲೆಯ ಮೇಷ್ಟ್ರನ್ನೇ 44 ಗಂಟೆ ಒತ್ತೆಯಾಳಾಗಿ ಇಟ್ಟುಕೊಂಡ. ಸಿಕ್ಕಿದ್ದು ಜೀವಾವಧಿ. ಅಲ್ಲಿಯವರೆಗೆ ಪ್ರತಿ ಶಿಕ್ಷೆಗೂ ಕೊನೆಯ ತಾರೀಕು ಇತ್ತು, ಇದಕ್ಕಿಲ್ಲ. ಕನಿಷ್ಠ ಅವಧಿ ಕೆಲವೇ ವರ್ಷ, ನಿಜ. ಆದರೆ ಅದು ಮುಗಿದ ಮೇಲೆ ‘ಇವನಿಂದ ಜನರಿಗೆ ಅಪಾಯವಿಲ್ಲ’ ಎಂದು, ಕೈದಿಯನ್ನು ಬಿಡಬಹುದೇ ಎಂದು ತೀರ್ಮಾನಿಸುವ ಪೆರೋಲ್ ಮಂಡಳಿಗೆ ಮನವರಿಕೆಯಾಗಬೇಕು. 2023ರಲ್ಲಿ ಬಹಿರಂಗ ವಿಚಾರಣೆ ನಡೆಸಿಯೂ ಮಂಡಳಿ ಒಪ್ಪಲಿಲ್ಲ. ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿ ಕೂಡಿಹಾಕಿದವನು ಸುಧಾರಿಸಿದ್ದಾನೆಂದು ತೋರಿಸುವುದಾದರೂ ಹೇಗೆ ಎಂಬ ಪ್ರಶ್ನೆಯಲ್ಲಿ ಹುರುಳಿದೆ ಅನ್ನಿ.

ನಮ್ಮ ಪರಪ್ಪನ ಅಗ್ರಹಾರದಲ್ಲೂ ಲೆಕ್ಕ ಬಹಳ ಬೇರೆಯಲ್ಲ. ಜೀವಾವಧಿ ಅಂದರೆ 14 ವರ್ಷ ಅಂತ ಬೆಂಗಳೂರಿನಲ್ಲಿ ಎಷ್ಟೋ ಜನ ನಂಬಿದ್ದಾರೆ. ಅದು ಜೀವ ಇರುವವರೆಗಿನ ಶಿಕ್ಷೆ. ಸನ್ನಡತೆ ನೋಡಿ ಸರ್ಕಾರ ಮೊದಲೇ ಬಿಡಬಹುದು, ಬಿಡಲೇಬೇಕೆಂದಿಲ್ಲ.